ಪರೀಕ್ಷೆಗೆ ಬಾರದ ಯುದ್ಧ



ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಆತ ಹಾರ್ನ್‌ಬಿಲ್ ಉತ್ಸವ ನೋಡಲೆಂದು ನಾಗಾಲ್ಯಾಂಡಿಗೆ ಹೋಗಿ ಬಂದಿದ್ದ. “ಸಾರ್, ನಿಮಗೆ ಇಷ್ಟವಾಗುವಂಥದ್ದು ತಂದಿದ್ದೇನೆ” ಎನ್ನುತ್ತ ಕರವಸ್ತ್ರದಲ್ಲಿ ಸುತ್ತಿದ್ದ ವಸ್ತುವೊಂದನ್ನು ನನ್ನ ಅಂಗೈ ಮೇಲಿಟ್ಟ. ಬಿಚ್ಚಿ ನೋಡಿದರೆ, ಹಸಿರು ಕಿಲುಬು ಹಿಡಿದ ಹಿತ್ತಾಳೆಯ ಬಕಲು. ಎರಡನೆಯ ಮಹಾಯುದ್ಧದ ಸೈನಿಕನ ಸೊಂಟಪಟ್ಟಿಯದು.

“ಎಲ್ಲಿ ಸಿಕ್ಕಿತಪ್ಪಾ ಇದು?” ಎಂದೆ.

“ಕೊಹಿಮಾ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಹುಡುಗನೊಬ್ಬ ಕೊಟ್ಟ ಸಾರ್.”

“ಅವನಿಗೆಲ್ಲಿ ಸಿಕ್ಕಿತಂತೆ?”

“ಯಾವುದೋ ಬೆಟ್ಟದಲ್ಲಂತೆ.”

ಅಲ್ಲಿಗೆ ಆ ಬಕಲಿನ ಚರಿತ್ರೆ ಮುಗಿಯಿತು. ಅದು ಯಾವ ಬೆಟ್ಟ, ಬೆಟ್ಟದ ಯಾವ ಮಗ್ಗುಲು, ಅದರ ಜೊತೆಯಲ್ಲಿ ಇನ್ನೇನಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು. ಆದರೆ ನನ್ನ ವಿದ್ಯಾರ್ಥಿಯ ಉತ್ಸಾಹ ಕುಗ್ಗಿರಲಿಲ್ಲ. ಲೋಹಶೋಧಕ ಯಂತ್ರವೊಂದನ್ನು ತರಿಸಿಕೊಳ್ಳುತ್ತಿದ್ದಾನಂತೆ. ಬರುವ ಚಳಿಗಾಲದಲ್ಲಿ ಮಣಿಪುರದ ಕಾಡುಬೆಟ್ಟಗಳಿಗೆ ಹೋಗಿ ತಾನೇ ಹುಡುಕಬೇಕೆಂಬುದು ಅವನ ಆಸೆ. “ಎಲ್ಲೆಲ್ಲಿ ಕದನ ನಡೆಯಿತು, ಎಲ್ಲಿ ಅಗೆದರೆ ಏನು ಸಿಗಬಹುದು, ಒಂದು ಪಟ್ಟಿ ಮಾಡಿಕೊಡಿ ಸಾರ್” ಎಂದು ಕೇಳಿ ಹೋದ. ಪಟ್ಟಿ ಬರೆಯಲು ಕುಳಿತವನಿಗೆ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು. ಆದ್ದರಿಂದ ಅವನೊಬ್ಬನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಪಾಠ. ಮೇಷ್ಟರ ಅಭ್ಯಾಸ ಸುಲಭವಾಗಿ ಬಿಡುವುದಲ್ಲ, ಸಹಿಸಿಕೊಳ್ಳಿ.

1942ರಲ್ಲಿ ಜಪಾನೀಯರು ಬರ್ಮಾವನ್ನು ಗೆದ್ದುಕೊಂಡರು. 1944ರ ಮಾರ್ಚ್ ತಿಂಗಳಲ್ಲಿ ಜನರಲ್ ಮುತಗುಚಿಯ ನೇತೃತ್ವದಲ್ಲಿ ಅವರ 15ನೆಯ ಸೇನೆ ಚಿಂದ್ವಿನ್ ನದಿಯನ್ನು ದಾಟಿ ಭಾರತದ ಗಡಿಯೊಳಕ್ಕೆ ನುಗ್ಗಿತು. ಮೂರು ಡಿವಿಷನ್‌ಗಳು, ಒಟ್ಟು ಸುಮಾರು 85,000 ಜನ. ಅವರೊಡನೆ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ದಳಗಳೂ ಇದ್ದವು. ಎದುರಿಗಿದ್ದುದು ಜನರಲ್ ಸ್ಲಿಮ್‌ನ 14ನೆಯ ಸೇನೆ. ಹೆಸರಿಗೆ ಬ್ರಿಟಿಷ್ ಸೇನೆಯಾದರೂ ಅದರ ಸೈನಿಕರಲ್ಲಿ ಬಹುಪಾಲು ಭಾರತೀಯರು. ಇಂಫಾಲದ ಬಯಲನ್ನು ಸುತ್ತುವರಿದು, ಕೊಹಿಮಾದ ಬಳಿ ರಸ್ತೆಯನ್ನು ಕತ್ತರಿಸಿ, ಬ್ರಿಟಿಷರ ಉಗ್ರಾಣಗಳನ್ನೇ ವಶಪಡಿಸಿಕೊಂಡು ಮುಂದುವರಿಯಬಹುದೆಂದು ಮುತಗುಚಿಯ ಲೆಕ್ಕ. ಅದಕ್ಕಾಗಿ ಸೈನಿಕರ ಬೆನ್ನಿಗೆ ಮೂರು ವಾರಗಳ ಆಹಾರವನ್ನಷ್ಟೇ ಕಟ್ಟಿ ಕಳುಹಿಸಿದ್ದ. ಉಗ್ರಾಣಗಳು ಕೈಗೆ ಸಿಗಲಿಲ್ಲ. ಕೊಹಿಮಾದ ದಿಣ್ಣೆಯ ಮೇಲೆ, ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಈ ಬದಿ ಆ ಬದಿಯಲ್ಲಿ, ಎರಡು ಸೈನ್ಯಗಳು ವಾರಗಟ್ಟಲೆ ಮುಖಾಮುಖಿಯಾಗಿ ಕಾದಾಡಿದವು. 1944ರ ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆ ಮತ್ತೆ ತೆರೆಯಿತು. ಜುಲೈನಲ್ಲಿ, ಸುರಿಯುವ ಮಳೆಯಲ್ಲಿ, ಜಪಾನೀ ಸೇನೆ ಹಿಂದಿರುಗತೊಡಗಿತು. ಸತ್ತ ಸುಮಾರು 30,000 ಜಪಾನೀಯರಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹಸಿವು, ಆಮಶಂಕೆ, ಮಲೇರಿಯಾಗಳಿಗೆ ಬಲಿಯಾದವರೇ ಹೆಚ್ಚು. ಅವರು ಹಿಂದಿರುಗಿದ ಕಾಡುದಾರಿಗೆ ಜಪಾನೀ ಭಾಷೆಯಲ್ಲಿ ‘ಬಿಳಿ ಮೂಳೆಗಳ ದಾರಿ’ ಎಂಬ ಅರ್ಥದ ಹೆಸರೇ ಬಿದ್ದಿದೆ. ಬ್ರಿಟಿಷ್–ಭಾರತೀಯ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 16,000ಕ್ಕೂ ಹೆಚ್ಚು.

ಇಂಫಾಲದಿಂದ ಆಗ್ನೇಯಕ್ಕೆ ಬರ್ಮಾ ಗಡಿಯ ತಮುವಿನ ಕಡೆಗೆ ಒಂದು ರಸ್ತೆ ಹೋಗುತ್ತದೆ. ಬಯಲು ಮುಗಿದು ಬೆಟ್ಟ ಏರುವಲ್ಲಿ ಪಲೇಲ್ ಎಂಬ ಊರು. ಅದರ ಮೇಲಕ್ಕೆ ಶೆನಾಮ್ ಕಣಿವೆಮಾರ್ಗ. ಅಲ್ಲಿನ ಗುಡ್ಡಗಳಿಗೆ ಬ್ರಿಟಿಷರು ಮಾಲ್ಟಾ, ಕ್ರೀಟ್, ಸೈಪ್ರಸ್, ಜಿಬ್ರಾಲ್ಟರ್ ಎಂದು ಮೆಡಿಟರೇನಿಯನ್ ಸಮುದ್ರದ ಹೆಸರುಗಳನ್ನಿಟ್ಟಿದ್ದರು. ಏಪ್ರಿಲ್‌ನಿಂದ ಜುಲೈ ಕೊನೆಯವರೆಗೂ ಆ ಗುಡ್ಡಗಳಿಗಾಗಿ ಕಾದಾಟ ನಡೆಯಿತು. ತೋಪುಗಳ ಹೊಡೆತಕ್ಕೆ ಹಸಿರು ಮರಗಳೆಲ್ಲ ಬೋಳು ಕೊರಡುಗಳಾದವು. ಮೊದಲ ಒಂದೂವರೆ ತಿಂಗಳು ಆ ಗುಡ್ಡಗಳನ್ನು ಕಾದದ್ದು 20ನೆಯ ಭಾರತೀಯ ಡಿವಿಷನ್. ನಮ್ಮ ಪಠ್ಯಪುಸ್ತಕಗಳಲ್ಲಿ ಎಂದೂ ಕಾಣದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು: ಆ ಡಿವಿಷನ್ನನ್ನು 1942ರ ಏಪ್ರಿಲ್‌ನಲ್ಲಿ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ಪಲೇಲಿನ ಸುತ್ತ ಎದುರು ಪಕ್ಷದಲ್ಲಿ ಆಜಾದ್ ಹಿಂದ್ ಫೌಜಿನ ಗಾಂಧಿ ಬ್ರಿಗೇಡ್ ಇತ್ತು. ಒಂದೇ ಬೆಟ್ಟದ ಎರಡು ಮಗ್ಗುಲಲ್ಲೂ ಭಾರತೀಯರೇ ಬಂದೂಕು ಹಿಡಿದಿದ್ದರು.

ಇನ್ನು ಯಂತ್ರದ ವಿಷಯ. ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆಯನ್ನು ವಿಜ್ಞಾನದ ಮೇಷ್ಟರು ನಿಮಗೆ ಕಲಿಸಿದ್ದು ನೆನಪಿರಬೇಕು. ಲೋಹಶೋಧಕದ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿಯಿದೆ. ಅದರಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ನೆಲದೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿ ವಿದ್ಯುತ್ತು ಹುಟ್ಟಿ, ಅದು ತನ್ನದೇ ಕಿರು ಕಾಂತಕ್ಷೇತ್ರವನ್ನು ಮೇಲಕ್ಕೆ ಕಳುಹಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸಿ ಕಿವಿಯಲ್ಲಿ ಸದ್ದು ಮಾಡುತ್ತದೆ. ಹಿತ್ತಾಳೆಗೊಂದು ಸ್ವರ, ಕಬ್ಬಿಣಕ್ಕೊಂದು ಸ್ವರ. ನಾಣ್ಯದಷ್ಟು ವಸ್ತುವಾದರೆ ಒಂದು ಗೇಣು ಆಳದವರೆಗೆ ತಿಳಿಯುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಬರಿಯ ನೆಲವೇ ಕೂಗಿ ಮೋಸಗೊಳಿಸುವುದೂ ಉಂಟು.

ಈ ಯಂತ್ರದ ಚರಿತ್ರೆಯೂ ಗುಂಡಿನಿಂದಲೇ ಆರಂಭವಾಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೂರವಾಣಿ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ದೇಹದೊಳಗಿನ ಗುಂಡನ್ನು ಪತ್ತೆ ಮಾಡಲು ಇಂಥ ಉಪಕರಣವೊಂದನ್ನು ಸಿದ್ಧಪಡಿಸಿದ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅವನ ಪ್ರಯತ್ನಕ್ಕೆ ಅಡ್ಡಿಯಾದವು. ಗುಂಡು ಸಿಗಲಿಲ್ಲ, ಅಧ್ಯಕ್ಷ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಹುಡುಕಲು ಸುಲಭವಾಗಿ ಹೊತ್ತೊಯ್ಯಬಹುದಾದ ಶೋಧಕವನ್ನು ರೂಪಿಸಿದವನು ಯೂಸೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಎಂಜಿನಿಯರ್. ತನ್ನ ದೇಶ ಜರ್ಮನರ ವಶವಾದ ಮೇಲೆ ಸ್ಕಾಟ್ಲೆಂಡಿನಲ್ಲಿದ್ದುಕೊಂಡು ಈ ಕೆಲಸ ಮಾಡಿದ. ಅದರ ಹಕ್ಕುಸ್ವಾಮ್ಯವನ್ನು ಪಡೆಯದೆ ಬ್ರಿಟಿಷ್ ಸೇನೆಗೆ ಹಾಗೆಯೇ ಕೊಟ್ಟುಬಿಟ್ಟ. 1942ರ ಅಕ್ಟೋಬರಿನಲ್ಲಿ ಈಜಿಪ್ಟಿನ ಎಲ್ ಅಲಮೇನ್ ಕದನದಲ್ಲಿ ಇಂಥ 500 ಯಂತ್ರಗಳು ದಾರಿ ತೆರೆದವು. ತಾಯ್ನಾಡಿನಲ್ಲಿ ಉಳಿದಿದ್ದ ಸಂಸಾರಕ್ಕೆ ಅಪಾಯವಾಗದಿರಲೆಂದು ಅವನ ಹೆಸರನ್ನು ಆಗ ಗುಟ್ಟಾಗಿ ಇಡಲಾಗಿತ್ತು.

ಆದರೆ ಈ ಯಂತ್ರದ ಬಗ್ಗೆ ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. 1986ರಿಂದ 1991ರವರೆಗೆ ನಮ್ಮ ಪ್ರೌಢಶಾಲೆಯಲ್ಲಿ ಓದಿದವರಿಗೆ ತೋಟದಜ್ಜ ನೆನಪಿರಬೇಕು. ಶಾಲೆಯ ಹೂದೋಟ, ಬೇಲಿ, ಬಾವಿಕಟ್ಟೆ ಎಲ್ಲ ಅವರ ವಶ. ಖಾಕಿ ಚಡ್ಡಿ, ನೆಟ್ಟನೆಯ ಬೆನ್ನು. ಆ ವಯಸ್ಸಿನಲ್ಲೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಿಮಗಿಂತ ಚೆನ್ನಾಗಿ ಅಲುಗಾಡದೆ ನಿಲ್ಲುತ್ತಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾಗಿ ಯುದ್ಧಕ್ಕೆ ಹೋಗಿ ಬಂದವರು ಎಂದಷ್ಟೇ ನಮಗೆಲ್ಲ ಗೊತ್ತಿತ್ತು. ನಮ್ಮ ಕೋಲಾರದ ಸೀಮೆಯಲ್ಲಿ ಸೈನ್ಯಕ್ಕೆ ಹೋಗಿ ಬಂದವರು ಅಪರೂಪವೇನಲ್ಲವಾದ್ದರಿಂದ ಅದೊಂದು ವಿಶೇಷವೆನಿಸಿರಲಿಲ್ಲ.

ಗಿಡ ನೆಡುವ ಮುಂಚೆ ಅಜ್ಜ ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಓರೆಯಾಗಿ, ಮೆಲ್ಲಗೆ ಚುಚ್ಚಿ ಚುಚ್ಚಿ ನೋಡುತ್ತಿದ್ದರು. ನೇರವಾಗಿ ಎಂದೂ ಚುಚ್ಚುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ನಕ್ಕು, “ಅದೊಂದು ಚಾಳಿ ಮೇಷ್ಟ್ರೇ. ಮಿಲಿಟ್ರಿಯಲ್ಲಿ ತಟ್ಟೆ ಥರ ಒಂದು ಮಿಷನ್ನಿತ್ತು. ಕಿವಿಗೆ ಕಟ್ಟಿಕೊಂಡು ನೆಲ ಏನು ಹೇಳ್ತದೆ ಅಂತ ಕೇಳ್ತಾ ಕೇಳ್ತಾ ಹೋಗೋದು. ಅದು ಕೂಗಿದ ಕಡೆ ಹೀಗೆ ಚುಚ್ಚಿ ನೋಡೋದು” ಎಂದರು. ನೆಲಬಾಂಬಿನ ಒತ್ತುಗುಂಡಿ ಮೇಲ್ಭಾಗದಲ್ಲಿರುತ್ತದೆ, ಆದ್ದರಿಂದ ಸರಳು ಅದರ ಪಕ್ಕಕ್ಕೆ ತಗಲುವಂತೆ ಓರೆಯಾಗಿ ಚುಚ್ಚಬೇಕು ಎಂಬುದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜನ ಮಾತು ಅಲ್ಲಿಗಿರಲಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ಎಂಬತ್ತು ವರ್ಷಗಳಾದ ಮೇಲೂ ಆ ಬೆಟ್ಟಗಳಲ್ಲಿ ಏನು ಸಿಗುತ್ತದೆ? ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕಾಡತೂಸುಗಳು, ತುಕ್ಕು ಹಿಡಿದ ಶಿರಸ್ತ್ರಾಣಗಳು, ಅಲ್ಯೂಮಿನಿಯಮ್ ಊಟದ ಡಬ್ಬಿಗಳು, ನೀರಿನ ಬಾಟಲಿಗಳು, ಕೈಬಾಂಬಿನ ಪಿನ್ನುಗಳು, ತೋಪಿನ ಗುಂಡಿನ ಚೂರುಗಳು. ಇವನ್ನು ಸುಮ್ಮನೆ ಚೀಲಕ್ಕೆ ತುಂಬಿಕೊಂಡರೆ ಗುಜರಿ. ಸಿಕ್ಕ ಜಾಗವನ್ನು ಗುರುತಿಸುತ್ತ ಹೋದರೆ ಅವು ಓದಬಲ್ಲ ಅಕ್ಷರಗಳಾಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಕೈಬಾಂಬು ಎಸೆಯುವವನು ಪಿನ್ನು ಕೀಳುತ್ತಾನೆ. ಎಸೆದ ಕೂಡಲೇ ಅದರ ಹಿಡಿಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಸಿಡಿದ ಚೂರುಗಳು ಬೀಳುವುದು ಎದುರಾಳಿಯ ಬಳಿ. ಹಾಗೆಯೇ ಖಾಲಿ ಕಾಡತೂಸುಗಳು ಸಾಲಾಗಿ ಸಿಕ್ಕರೆ ಗುಂಡು ಹಾರಿಸಿದವರು ನಿಂತ ಜಾಗ ಅದು. ನಜ್ಜುಗುಜ್ಜಾದ ಗುಂಡುಗಳು ಸಿಕ್ಕರೆ ಗುಂಡಿಗೆ ಗುರಿಯಾದವರ ಜಾಗ. ಒಂದೊಂದು ವಸ್ತು ಸಿಕ್ಕ ಸ್ಥಳವನ್ನೂ ನಕ್ಷೆಯಲ್ಲಿ ಗುರುತಿಸಿದರೆ, ಮಣ್ಣು ತುಂಬಿ ಮುಚ್ಚಿಹೋದ ಕಂದಕದ ಗೆರೆ ಕಾಗದದ ಮೇಲೆ ಮೂಡಿ ಬರುತ್ತದೆ. ಅಮೆರಿಕದಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ನಡೆದ ಕದನದ ಬಯಲಿಗೆ 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಯಿತು. ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಡೆಸಿ, ಪ್ರತಿಯೊಂದು ಕಾಡತೂಸಿನ ಜಾಗವನ್ನೂ ದಾಖಲಿಸಿದರು. ಬಂದೂಕಿನ ಸೂಜಿ ಕಾಡತೂಸಿನ ತಳದ ಮೇಲೆ ಒತ್ತಿದ ಗುರುತನ್ನು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನೂ ಕಂಡುಕೊಂಡರು. ಆ ಕದನದ ಬಗೆಗಿನ ಎಷ್ಟೋ ಹಳೆಯ ನಂಬಿಕೆಗಳು ಆಮೇಲೆ ಬದಲಾದವು.

ಜಾಗ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಶೆನಾಮ್‌ನ ಗುಡ್ಡದಲ್ಲಿ .303 ಅಳತೆಯ ಕಾಡತೂಸೊಂದು ಸಿಕ್ಕಿತೆನ್ನಿ. ಅದರ ತಳದಲ್ಲಿ ‘ಕೆ.ಎಫ್.’ ಎಂಬ ಅಕ್ಷರಗಳಿದ್ದರೆ ಅದು ಪುಣೆಯ ಬಳಿಯ ಕಿರ್ಕಿ ಕಾರ್ಖಾನೆಯದು. ಹಾಗಾದರೆ ಅದನ್ನು ಹಾರಿಸಿದವನು ಬ್ರಿಟಿಷ್–ಭಾರತೀಯ ಸೈನಿಕನೇ? ಹಾಗೆಂದು ಹೇಳುವಂತಿಲ್ಲ. ಆಜಾದ್ ಹಿಂದ್ ಫೌಜಿನವರಲ್ಲಿ ಅನೇಕರ ಕೈಯಲ್ಲಿದ್ದದ್ದೂ ಬ್ರಿಟಿಷರಿಂದ ವಶಪಡಿಸಿಕೊಂಡ ಅದೇ .303 ಬಂದೂಕು. ಕಾಡತೂಸು ಬೆಟ್ಟದ ಯಾವ ಮಗ್ಗುಲಲ್ಲಿ, ಯಾವ ಕಂದಕದಲ್ಲಿ ಬಿದ್ದಿತ್ತು ಎಂಬುದನ್ನು ಬಿಟ್ಟರೆ ಹಾರಿಸಿದವನು ಯಾರೆಂದು ಊಹಿಸಲು ಬೇರೆ ದಾರಿಯಿಲ್ಲ. ಅಗೆದು ಜೇಬಿಗೆ ಹಾಕಿಕೊಂಡ ಕ್ಷಣವೇ ಆ ದಾರಿಯೂ ಮುಚ್ಚಿಹೋಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಸೈನಿಕನ ಕೊರಳಲ್ಲಿ ಗುರುತಿನ ಬಿಲ್ಲೆ ಇರುತ್ತದೆಯಲ್ಲ, ಅದನ್ನು ಈ ಯಂತ್ರ ಹುಡುಕಬಹುದಲ್ಲ ಎಂದು ನೀವು ಕೇಳಬಹುದು. ಬ್ರಿಟಿಷ್ ಸೇನೆಯ ಬಿಲ್ಲೆಗಳು ಲೋಹದವಲ್ಲ; ಒತ್ತಿ ಗಟ್ಟಿಮಾಡಿದ ನಾರಿನವು. ಅವು ಯಂತ್ರಕ್ಕೆ ಕೇಳಿಸುವುದಿಲ್ಲ. ಜಪಾನೀ ಸೈನಿಕರ ಬಿಲ್ಲೆ ಹಿತ್ತಾಳೆಯದು, ಯಂತ್ರಕ್ಕೆ ಕೇಳಿಸುತ್ತದೆ. ಆದರೆ ಸಾಮಾನ್ಯ ಸಿಪಾಯಿಯ ಬಿಲ್ಲೆಯ ಮೇಲೆ ದಳದ ಗುರುತು ಮತ್ತು ಸಂಖ್ಯೆ ಇರುತ್ತಿದ್ದವೇ ಹೊರತು ಹೆಸರಿರುತ್ತಿರಲಿಲ್ಲ. ರಷ್ಯಾದಲ್ಲಿ ನವ್ಗೊರದ್ ಬಳಿಯ ಕಾಡು ಮತ್ತು ಜೌಗುಗಳಲ್ಲಿ ಸ್ವಯಂಸೇವಕರು ದಶಕಗಳಿಂದ ಸತ್ತವರ ಅವಶೇಷಗಳನ್ನು ಹುಡುಕಿ ಗೌರವದಿಂದ ಮಣ್ಣು ಮಾಡುತ್ತಿದ್ದಾರೆ. ಯುದ್ಧದ ಮೊದಲ ವರ್ಷಗಳಲ್ಲಿ ಅಲ್ಲಿನ ಸೈನಿಕರಿಗೆ ಎಬೊನೈಟಿನ ಸಣ್ಣ ಕರಂಡಕವೊಂದನ್ನು ಕೊಡುತ್ತಿದ್ದರು. ಅದರೊಳಗಿನ ಕಾಗದದ ಚೂರಿನಲ್ಲಿ ಹೆಸರು, ಊರು ಬರೆದಿಡಬೇಕು. ಬರೆದರೆ ಸಾವು ಬರುತ್ತದೆಂಬ ಭಯದಿಂದ ಎಷ್ಟೋ ಜನ ಖಾಲಿ ಕಾಗದವನ್ನೇ ಇಟ್ಟುಕೊಂಡರು. ಅಂಥ ಕರಂಡಕವನ್ನು ಹುಡುಕಬೇಕಾದರೆ ಯಂತ್ರ ಸಾಲದು, ಮಣ್ಣನ್ನು ಬೆರಳಿನಿಂದ ಸೋಸಬೇಕು.

ಹೆಸರನ್ನು ಲೋಹದ ಮೇಲೆ ಅಚ್ಚೊತ್ತಿದವರು ಅಮೆರಿಕದವರು. 1942ರಿಂದ 1945ರವರೆಗೆ ಅಸ್ಸಾಮಿನಿಂದ ಹಿಮಾಲಯದ ಅಂಚನ್ನು ದಾಟಿ ಚೀನಾಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ಅವರ ನೂರಾರು ವಿಮಾನಗಳು ಬೆಟ್ಟಗಾಡಿನಲ್ಲಿ ಬಿದ್ದುಹೋದವು. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳಿಗೆ ದುರಸ್ತಿ ನಡೆಯುತ್ತಿದ್ದ ಮುಖ್ಯ ತಾಣಗಳಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಒಂದು. ಅರುಣಾಚಲದ ಕಾಡುಗಳಲ್ಲಿ ಬಿದ್ದ ವಿಮಾನಗಳ ಅವಶೇಷಗಳನ್ನು ಮೊದಲು ಕಂಡವರು ಅಲ್ಲಿನ ಬೇಟೆಗಾರರು. ಅವರು ದಾರಿ ತೋರಿಸಿದ್ದರಿಂದಲೇ ಹುಡುಕಾಟದ ತಂಡಗಳು ಅಲ್ಲಿಗೆ ತಲುಪಿದವು. 2023ರ ನವೆಂಬರಿನಲ್ಲಿ ಪಾಸಿಘಾಟಿನಲ್ಲಿ ಇದಕ್ಕೊಂದು ವಸ್ತುಸಂಗ್ರಹಾಲಯ ತೆರೆಯಿತು.

ದಾರಿ ತೋರಿಸಿದ ಬೇಟೆಗಾರರ ಮಾತು ಬಂದಿತಲ್ಲ, ನನ್ನ ವಿದ್ಯಾರ್ಥಿಗೆ ಹೇಳಬೇಕಾದ ಮುಖ್ಯ ಮಾತು ಅಲ್ಲಿಯೇ ಇದೆ. ಮಣಿಪುರದ ಜನ ಈ ಯುದ್ಧವನ್ನು ‘ಜಪಾನ್ ಲಾನ್’ ಎನ್ನುತ್ತಾರೆ. ಜಪಾನಿನ ಯುದ್ಧ ಎಂದರ್ಥ. ಅವರು ಕೇಳಿ ಬಂದ ಯುದ್ಧವಲ್ಲ ಅದು. ಅವರ ಗದ್ದೆಗಳು ವಿಮಾನ ನಿಲ್ದಾಣಗಳಾದವು, ಮನೆಗಳು ಸುಟ್ಟುಹೋದವು, ಹಳ್ಳಿಗಳು ಕಾಡು ಸೇರಿದವು. ಯುದ್ಧ ಮುಗಿದ ಮೇಲೆ ಉಳಿದ ಕಬ್ಬಿಣವನ್ನು ಅವರು ಬದುಕಿಗೆ ಬಳಸಿಕೊಂಡರು. ವಿಮಾನಗಳು ಇಳಿಯಲೆಂದು ಹಾಸಿದ್ದ ತೂತುಗಳ ಉಕ್ಕಿನ ಹಲಗೆಗಳು ಈಶಾನ್ಯದ ಊರುಗಳಲ್ಲಿ ಮನೆಯ ಬೇಲಿಗಳಾದವು. ಅಜ್ಜಂದಿರು ಹೇಳಿದ ಕಥೆಗಳನ್ನು ಕೇಳಿ ಬೆಳೆದ ಇಂಫಾಲದ ಕೆಲವು ಉತ್ಸಾಹಿಗಳು ಒಂದು ಸಂಸ್ಥೆ ಕಟ್ಟಿಕೊಂಡು, ಲೋಹಶೋಧಕ ಮತ್ತು ಸಲಿಕೆ ಹಿಡಿದು ವರ್ಷಗಟ್ಟಲೆ ಬೆಟ್ಟಗಳಲ್ಲಿ ಅಲೆದಿದ್ದಾರೆ. ಯಂತ್ರ ಎಲ್ಲಿ ಹಿಡಿಯಬೇಕೆಂದು ಅವರಿಗೆ ಹೇಳಿಕೊಟ್ಟದ್ದು ಹಳ್ಳಿಯ ಹಿರಿಯರ ನೆನಪು. ಇಂಫಾಲದ ದಕ್ಷಿಣಕ್ಕೆ, 1944ರ ಮೇ ಕೊನೆಯಲ್ಲಿ ಘೋರ ಕದನ ನಡೆದ ಕೆಂಪು ಗುಡ್ಡದ ಬುಡದಲ್ಲಿ, 2019ರ ಜೂನ್ 22ರಂದು ಜಪಾನಿನ ನಿಪ್ಪಾನ್ ಫೌಂಡೇಷನ್ನಿನ ನೆರವಿನಿಂದ ಇಂಫಾಲ ಶಾಂತಿ ವಸ್ತುಸಂಗ್ರಹಾಲಯ ಆರಂಭವಾಯಿತು. ರಸ್ತೆ ತೆರೆದ ದಿನಕ್ಕೆ ಸರಿಯಾಗಿ 75 ವರ್ಷ. ಜಪಾನೀಯರಿಗೂ ಈ ಹುಡುಕಾಟ ಮುಗಿದಿಲ್ಲ. ಹೊರನಾಡುಗಳಲ್ಲಿ ಸತ್ತ ಅವರ ಸುಮಾರು 24 ಲಕ್ಷ ಜನರಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿಯ ಅಸ್ಥಿ ಇನ್ನೂ ತಾಯ್ನಾಡಿಗೆ ಮರಳಿಲ್ಲ.

2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಬಯಲಿನವರಿಗೂ ಬೆಟ್ಟದವರಿಗೂ ನಡುವೆ ಭುಗಿಲೆದ್ದ ಹಿಂಸೆಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಬಯಲು–ಬೆಟ್ಟಗಳ ಅಂಚಿನಲ್ಲಿ ಮತ್ತೆ ಮರಳುಚೀಲದ ಅಡ್ಡಗೋಡೆಗಳು ಎದ್ದವು. ಹಳೆಯ ಕಾಡತೂಸುಗಳು ಹೂತಿದ್ದ ಮಣ್ಣಿಗೆ ಹೊಸ ಕಾಡತೂಸುಗಳು ಬಿದ್ದವು. ಆದ್ದರಿಂದ, ಅಪ್ಪಾ, ಅಲ್ಲಿಗೆ ಹೋಗುವುದಿದ್ದರೆ ಅವರ ನೋವಿನ ನಡುವೆ ನಿನ್ನ ಹವ್ಯಾಸವನ್ನು ಹರವುತ್ತಿದ್ದೀಯೆಂಬ ಎಚ್ಚರವಿರಲಿ. ಊರು ನೆಮ್ಮದಿಯಾಗಿರುವಾಗ ಹೋಗು, ಕರೆದರೆ ಹೋಗು.

ಇನ್ನೂ ಕೆಲವು ಮಾತು. ಯಂತ್ರಕ್ಕೆ ಖಾಲಿ ಕಾಡತೂಸಿನ ಹಿತ್ತಾಳೆಯೂ ಒಂದೇ, ಸಿಡಿಯದೆ ಉಳಿದ ಗುಂಡಿನ ಹಿತ್ತಾಳೆಯೂ ಒಂದೇ. ಕಾಲ ಕಳೆದಂತೆ ಸಿಡಿಮದ್ದು ಸಾಧುವಾಗುತ್ತದೆಂದು ಭಾವಿಸಬೇಡ. ಜಪಾನೀಯರು ಬಹಳವಾಗಿ ಬಳಸುತ್ತಿದ್ದ ಪಿಕ್ರಿಕ್ ಆಮ್ಲದ ಸಿಡಿಮದ್ದು ಲೋಹದೊಡನೆ ಬೆರೆತು, ಅಲ್ಪ ತಾಗುವಿಕೆಗೂ ಸಿಡಿಯುವ ಲವಣವಾಗಬಲ್ಲುದು. ಗುಂಡಗಿನದು, ಉದ್ದನೆಯದು, ಭಾರವಾದದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸು. ಕಾನೂನನ್ನೂ ತಿಳಿದುಕೊ. ನಾಗಾಲ್ಯಾಂಡಿಗೂ, 2020ರಿಂದ ಮಣಿಪುರಕ್ಕೂ, ನಮ್ಮಂಥವರು ಹೋಗಲು ಒಳನಾಡು ಪರವಾನಗಿ ಬೇಕು. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಕ್ಷೇಪ ಕಾಯಿದೆ ಹೇಳುತ್ತದೆ. 1972ರ ಪುರಾತನ ವಸ್ತುಗಳ ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳಿಗೆ ರಕ್ಷಣೆ ಕೊಡುತ್ತದೆ. 1944ರ ವಸ್ತುಗಳಿಗೆ ನೂರು ತುಂಬುವುದು 2044ಕ್ಕೆ. ಅಲ್ಲಿಯವರೆಗೆ ಅವನ್ನು ಕಾಯಬೇಕಾದದ್ದು ಹುಡುಕುವವನ ವಿವೇಕ. ಬೆಟ್ಟದ ನೆಲ ಬಹುಮಟ್ಟಿಗೆ ಆ ಊರಿನ, ಆ ಕುಲದ ಸ್ವತ್ತು. ಊರ ಹಿರಿಯರ ಅಪ್ಪಣೆಯಿಲ್ಲದೆ ಒಂದು ಗುದ್ದಲಿ ಮಣ್ಣನ್ನೂ ಎತ್ತಬೇಡ. ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸು. ಅದು ಯಾರದೋ ಮಗ. ಸಿಕ್ಕಿದ್ದನ್ನು ಸಿಕ್ಕ ಜಾಗದ ವಿವರದೊಡನೆ ಅಲ್ಲಿನ ಸಂಗ್ರಹಾಲಯಕ್ಕೇ ಒಪ್ಪಿಸು.

ಇಷ್ಟೆಲ್ಲ ಉಪದೇಶ ಮಾಡುವ ಹಕ್ಕು ನನಗಿದೆಯೇ ಎಂದು ನಾನೇ ಕೇಳಿಕೊಳ್ಳಬೇಕಾಗಿದೆ. ಈಗ ತೋಟದಜ್ಜನ ಮಾತಿಗೆ ಬರುತ್ತೇನೆ.

ಇಸವಿ 1988 ಅಥವಾ 89 ಇರಬೇಕು. ಹತ್ತನೆಯ ತರಗತಿಗೆ ‘ಎರಡನೆಯ ಮಹಾಯುದ್ಧ: ಕಾರಣಗಳು ಮತ್ತು ಪರಿಣಾಮಗಳು’ ಪಾಠ ಮಾಡುತ್ತಿದ್ದೆ. ಹಿಟ್ಲರ್, ಪೋಲೆಂಡ್, ಪರ್ಲ್ ಹಾರ್ಬರ್, ಹಿರೋಷಿಮಾ. ಅಜ್ಜ ಕಿಟಕಿಯಾಚೆ ಬೇಲಿ ಸವರುತ್ತಿದ್ದರು. ಪಾಠ ಮುಗಿಸಿ ಹೊರಗೆ ಬಂದಾಗ ಕತ್ತರಿ ಕೆಳಗಿಟ್ಟು, “ಮೇಷ್ಟ್ರೇ, ನಮ್ಮ ಕಡೆ ನಡೆದ ಯುದ್ಧ ಹೇಳೋದೇ ಇಲ್ವಾ?” ಎಂದು ಕೇಳಿದರು. ಗಂಟೆ ಹೊಡೆದಾಗಿತ್ತು, ಮುಂದಿನ ತರಗತಿಗೆ ಅವಸರ. “ಅದು ಪರೀಕ್ಷೆಗೆ ಬರೋದಿಲ್ಲ ಅಜ್ಜ” ಎಂದು ನಕ್ಕು ಹೋದೆ. ಅವರೂ ನಕ್ಕರು. ಮತ್ತೆಂದೂ ಕೇಳಲಿಲ್ಲ.

ಒಮ್ಮೊಮ್ಮೆ ತಮ್ಮಷ್ಟಕ್ಕೆ ತಾವು “ಪಲೇಲ್ ಗುಡ್ಡದಲ್ಲಿದ್ದಾಗ” ಎಂದು ಏನೋ ಹೇಳಲು ತೊಡಗುತ್ತಿದ್ದರು. ನಮ್ಮ ಗಡಿಯಾಚೆ, ಚಿತ್ತೂರಿನ ಕಡೆ, ‘ಪಲ್ಲಿ’ ‘ಪಲ್ಲೆ’ ಎಂದು ಕೊನೆಗೊಳ್ಳುವ ಊರುಗಳು ನೂರಾರಿವೆ. ಅಂಥದೇ ಯಾವುದೋ ಊರಿರಬೇಕು, ಅಲ್ಲಿ ಕೂಲಿಗೆ ಹೋಗಿದ್ದರೇನೋ ಎಂದುಕೊಂಡಿದ್ದೆ. 1991ರಲ್ಲಿ ಅಜ್ಜ ತೀರಿಕೊಂಡರು. ಕೆಲವು ತಿಂಗಳ ಮೇಲೆ ಪೇಟೆಯ ಗುಜರಿ ಅಂಗಡಿಯಲ್ಲಿ ಅವರು ಬುತ್ತಿ ಉಣ್ಣುತ್ತಿದ್ದ, ಮಡಿಚುವ ಹಿಡಿಕೆಯ ಚೌಕನೆಯ ಅಲ್ಯೂಮಿನಿಯಮ್ ಡಬ್ಬಿ ಕಣ್ಣಿಗೆ ಬಿತ್ತು. ಗುರುತು ಹಿಡಿದು ಐದು ರೂಪಾಯಿ ಕೊಟ್ಟು ತಂದೆ. ತಳದಲ್ಲಿ ಬಾಣದ ಗುರುತು, 1942 ಎಂಬ ಇಸವಿ. ಪಕ್ಕದಲ್ಲಿ ಮೊಳೆಯಿಂದ ಕೆತ್ತಿದ ಸಂಖ್ಯೆ ಬಹುಪಾಲು ಸವೆದುಹೋಗಿ, ಕೊನೆಯ ಮೂರು ಅಂಕೆಗಳಷ್ಟೇ ಉಳಿದಿವೆ.

2013ರಲ್ಲಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿ ಬ್ರಿಟಿಷ್ ಸೇನೆಯ ಅತ್ಯಂತ ಮಹತ್ವದ ಕದನ ಯಾವುದೆಂದು ಮತ ಕೇಳಿದಾಗ, ವಾಟರ್ಲೂ ಕದನವನ್ನು ಹಿಂದಿಕ್ಕಿ ಇಂಫಾಲ–ಕೊಹಿಮಾ ಆಯ್ಕೆಯಾಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಆ ನೆವದಿಂದ ನಾನು ಆ ಕದನದ ಬಗ್ಗೆ ಓದತೊಡಗಿದೆ. ಒಂದು ರಾತ್ರಿ ನಕ್ಷೆಯ ಮೇಲೆ ಬೆರಳಿಟ್ಟು ಇಂಫಾಲದಿಂದ ಕೆಳಕ್ಕೆ ಬರುತ್ತಿದ್ದವನು ‘ಪಲೇಲ್’ ಎಂಬ ಹೆಸರಿನ ಮೇಲೆ ನಿಂತುಬಿಟ್ಟೆ. ಅಜ್ಜ ಹೋಗಿ ಆಗಲೇ ಇಪ್ಪತ್ತೆರಡು ವರ್ಷ.

ಅಗೆಯುವ ಅಗತ್ಯವಿರಲಿಲ್ಲ, ಯಂತ್ರದ ಅಗತ್ಯವಿರಲಿಲ್ಲ. ಶಾಲೆಯ ಕಿಟಕಿಯಾಚೆ ಐದು ವರ್ಷ ಕತ್ತರಿ ಹಿಡಿದು ನಿಂತಿದ್ದವರನ್ನು ನಾನು ಒಂದು ದಿನ ಕೂಡಿಸಿಕೊಂಡು ಕೇಳಿದ್ದರೆ ಸಾಕಿತ್ತು. ಚರಿತ್ರೆಯ ಮೇಷ್ಟರಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸುತ್ತೇನೆ. ಈಗ ನನ್ನ ಮೇಜಿನ ಮೇಲೆ ಆ ಡಬ್ಬಿಯೂ ನನ್ನ ವಿದ್ಯಾರ್ಥಿ ತಂದ ಬಕಲೂ ಪಕ್ಕಪಕ್ಕದಲ್ಲಿವೆ. ಬಕಲಿನ ಊರು ಗೊತ್ತಿಲ್ಲ. ಡಬ್ಬಿಯ ಒಡೆಯ ಗೊತ್ತು, ಅವರ ಕಥೆ ಗೊತ್ತಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಕೊಡುವ ಪಟ್ಟಿ ಇಷ್ಟೇ. ಶೆನಾಮ್, ಪಲೇಲ್, ಕೆಂಪು ಗುಡ್ಡ, ಕೊಹಿಮಾ. ಎಲ್ಲಿಗೆ ಹೋದರೂ ಮೊದಲು ಆ ಊರಿನ ಅತ್ಯಂತ ಹಿರಿಯರ ಮನೆಗೆ ಹೋಗು. ಯಂತ್ರವನ್ನು ಹೊರಗಿಟ್ಟು ಒಳಗೆ ಕುಳಿತುಕೊ. ಆ ಯುದ್ಧ ನಡೆದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಲೋಹ ಇನ್ನೂ ನೂರು ವರ್ಷ ನೆಲದಲ್ಲಿರುತ್ತದೆ, ಅವರು ಇರುವುದಿಲ್ಲ.

ನಿಮ್ಮೆಲ್ಲರಲ್ಲೂ ಒಂದು ಬೇಡಿಕೆ. ಬೇಲಿಯ ಬಳಿ, ಬಾವಿಕಟ್ಟೆಯ ಬಳಿ ತೋಟದಜ್ಜ ನಿಮ್ಮಲ್ಲಿ ಯಾರಿಗಾದರೂ ತಮ್ಮ ಯುದ್ಧದ ಮಾತು ಹೇಳಿದ್ದರೆ, ಒಂದೇ ವಾಕ್ಯವಾದರೂ ಸರಿ, ದಯವಿಟ್ಟು ನನಗೆ ಬರೆದು ಕಳುಹಿಸಿ. ಮಕ್ಕಳಿಗೆ ಅವರು ಹೇಳಿರಬಹುದು. ಮೇಷ್ಟರಿಗಿಂತ ನಿಮಗೆ ಬಿಡುವಿತ್ತು.